ಕಿಂಡಿ ನಾಲ್ಕು, ಪರದೆ ಮೂರೇ

ಡೆಸ್ಕ್‌ಟಾಪ್ ಕಂಪ್ಯೂಟರಿನ ಡಬ್ಬಿಯನ್ನು ತಿರುಗಿಸಿ ಬೆನ್ನು ನೋಡಿ. ಮೇಲ್ಭಾಗದಲ್ಲಿ, ಯುಎಸ್‌ಬಿ ಮತ್ತು ನೆಟ್‌ವರ್ಕ್ ಕಿಂಡಿಗಳ ಪಕ್ಕದಲ್ಲೇ ಒಂದು ಎಚ್‌ಡಿಎಂಐ ಇರುತ್ತದೆ. ಅದು ಮದರ್‌ಬೋರ್ಡಿನದು. ಅದಕ್ಕಿಂತ ಕೆಳಗೆ, ಬೇರೊಂದು ತಗಡಿನ ಪಟ್ಟಿಯಲ್ಲಿ ಮೂರ್ನಾಲ್ಕು ಕಿಂಡಿಗಳು ಸಾಲಾಗಿ ಇದ್ದರೆ ಅವು ಗ್ರಾಫಿಕ್ಸ್ ಕಾರ್ಡಿನವು. ಎರಡನೇ ಮಾನಿಟರ್ ತಂದವರು ಎಡವುವುದು ಬಹುಪಾಲು ಇಲ್ಲೇ. ಒಂದನ್ನು ಕಾರ್ಡಿಗೂ ಇನ್ನೊಂದನ್ನು ಮದರ್‌ಬೋರ್ಡಿಗೂ ಸಿಕ್ಕಿಸುತ್ತಾರೆ. ಎರಡನೆಯದು ಕಪ್ಪಾಗಿಯೇ ಉಳಿಯುತ್ತದೆ. ಮಾನಿಟರ್ ಕೆಟ್ಟಿದೆ ಎಂದು ಅಂಗಡಿಗೆ ಹೊರಡುತ್ತಾರೆ.

ಮಾನಿಟರ್ ಕೆಟ್ಟಿರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೂತಿದ್ದು ಕಂಡರೆ ಅನೇಕ ಮದರ್‌ಬೋರ್ಡುಗಳು ತಮ್ಮ ಕಿಂಡಿಯನ್ನು ಮುಚ್ಚಿಬಿಡುತ್ತವೆ. ಬಯೋಸ್, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಒಳಗೆ ಹೋಗಿ 'ಐಜಿಪಿಯು ಮಲ್ಟಿ ಮಾನಿಟರ್' ಎಂಬಂಥ ಹೆಸರಿನ ಆಯ್ಕೆಯನ್ನು ಆನ್ ಮಾಡಿದರೆ ಅದು ತೆರೆದುಕೊಳ್ಳುತ್ತದೆ. ಆದರೆ ಪ್ರೊಸೆಸರಿನಲ್ಲಿ ಚಿತ್ರ ಮೂಡಿಸುವ ಭಾಗವೇ (ಐಜಿಪಿಯು) ಇಲ್ಲದಿದ್ದರೆ ಯಾವ ಆಯ್ಕೆಯೂ ಕೆಲಸಕ್ಕೆ ಬಾರದು. ಇಂಟೆಲ್ ಐ5-12400ಎಫ್‌ನಂತೆ ಹೆಸರಿನ ಕೊನೆಗೆ 'ಎಫ್' ಇರುವವು, ಎಎಮ್‌ಡಿಯ ರೈಜನ್ 5 5600ನಂಥವು ಈ ಜಾತಿಯವು. ಇವುಗಳ ಜೊತೆಯಲ್ಲಿ ಮದರ್‌ಬೋರ್ಡಿನ ಎಚ್‌ಡಿಎಂಐ ಬರೀ ತೂತು. ಕಾರ್ಡಿನಲ್ಲಿ ಕಿಂಡಿ ಉಳಿದಿದ್ದರೆ ಎಲ್ಲ ಮಾನಿಟರುಗಳನ್ನೂ ಅಲ್ಲಿಗೇ ಕೊಡುವುದು ಜಾಣತನ.

ಹಾಗೆಂದು ಕಿಂಡಿ ಎಷ್ಟಿವೆಯೋ ಅಷ್ಟು ಪರದೆ ಎಂದು ಎಣಿಸಬೇಡಿ. ಪ್ರತಿ ಪರದೆಗೂ ಚಿತ್ರವನ್ನು ಚುಕ್ಕೆ ಚುಕ್ಕೆಯಾಗಿ ಓದಿ ಹೊರಗೆ ಕಳಿಸುವ ಒಂದು ಘಟಕ ಚಿಪ್ಪಿನೊಳಗೆ ಬೇಕು. ಅವು ಇಂತಿಷ್ಟೇ ಎಂದು ಇರುತ್ತವೆ. ವಿಜಿಎ, ಡಿವಿಐ, ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ನಾಲ್ಕೂ ಬಗೆಯ ಕಿಂಡಿ ಇದ್ದ ಮದರ್‌ಬೋರ್ಡುಗಳು ಒಂದು ಕಾಲದಲ್ಲಿ ಬೇಕಾದಷ್ಟು ಬಂದವು. ಏಕಕಾಲಕ್ಕೆ ಬೆಳಗುತ್ತಿದ್ದದ್ದು ಮೂರೇ. ಘಟಕದ ಜೊತೆಗೆ ಗಡಿಯಾರವೂ, ಅಂದರೆ ಚುಕ್ಕೆ ಕಳಿಸುವ ವೇಗಕ್ಕೆ ತಾಳ ಹಾಕುವ ಸರ್ಕ್ಯೂಟೂ ಬೇಕು. ಎಚ್‌ಡಿಎಂಐ ಮತ್ತು ಡಿವಿಐ ಆಯಾ ಪರದೆಯ ರೆಸಲ್ಯೂಷನ್ನಿಗೆ ತಕ್ಕ ವೇಗದಲ್ಲಿ ಚುಕ್ಕೆಗಳನ್ನು ಕಳಿಸುತ್ತವೆ. ಹಾಗಾಗಿ ಒಂದೊಂದಕ್ಕೂ ಒಂದೊಂದು ಗಡಿಯಾರ. ಡಿಸ್‌ಪ್ಲೇಪೋರ್ಟ್ ಹಾಗಲ್ಲ, ಅದು ಸರ್ಕಾರಿ ಬಸ್ಸಿನಂತೆ: ಸೀಟು ತುಂಬಿರಲಿ ಖಾಲಿಯಿರಲಿ, ಹೊರಡುವ ವೇಳೆ ಒಂದೇ. ಉಳಿದ ಜಾಗಕ್ಕೆ ಅರ್ಥವಿಲ್ಲದ ಬಿಟ್ಟುಗಳನ್ನು ತುಂಬಿ ಕಳಿಸುತ್ತದೆ. ಆದ್ದರಿಂದ ಒಂದೇ ಗಡಿಯಾರ ಹಲವು ಡಿಸ್‌ಪ್ಲೇಪೋರ್ಟುಗಳಿಗೆ ಸಾಕು.

2009ರಲ್ಲಿ ಬಂದ ರೇಡಿಯಾನ್ ಎಚ್‌ಡಿ 5000 ಸಾಲಿನ ಕಾರ್ಡುಗಳಲ್ಲಿ ಈ ಸಂಗತಿ ಬಹಳ ಜನರ ತಲೆ ಕೆಡಿಸಿತು. ಎಚ್‌ಡಿಎಂಐ, ಡಿವಿಐಗಳಿಗೆ ಇದ್ದದ್ದು ಎರಡೇ ಗಡಿಯಾರ. ಮೂರನೇ ಪರದೆ ಡಿಸ್‌ಪ್ಲೇಪೋರ್ಟಿನಲ್ಲೇ ಬರಬೇಕಿತ್ತು. ಅಲ್ಲಿಗೆ ಅಗ್ಗದ ಅಡಾಪ್ಟರ್ ಸಿಕ್ಕಿಸಿ ಎಚ್‌ಡಿಎಂಐ ಮಾಡಿದರೆ ಪರದೆ ಹತ್ತುತ್ತಿರಲಿಲ್ಲ. ಕಾರಣವಿದೆ. ಅಗ್ಗದ, ಅಂದರೆ ಪ್ಯಾಸಿವ್ ಅಡಾಪ್ಟರ್ ಏನನ್ನೂ ಅನುವಾದಿಸುವುದಿಲ್ಲ. 'ನನಗೆ ಎಚ್‌ಡಿಎಂಐ ಸಂಕೇತವನ್ನೇ ಕೊಡು' ಎಂದು ಕಾರ್ಡಿಗೆ ಹೇಳಿ, ಬಂದ ವೋಲ್ಟೇಜನ್ನು ಹೊಂದಿಸುತ್ತದೆ ಅಷ್ಟೇ. ಮತ್ತೆ ಆ ಮೂರನೇ ಗಡಿಯಾರದ ಕೊರತೆ! ಒಳಗೆ ಚಿಪ್ ಇಟ್ಟುಕೊಂಡು ತಾನೇ ಅನುವಾದ ಮಾಡುವ ಆ್ಯಕ್ಟಿವ್ ಅಡಾಪ್ಟರಿಗೆ ಬೆಲೆ ಹೆಚ್ಚು, ಆದರೆ ಕೆಲಸ ನಡೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೇ ಕಾರ್ಡ್ ಕೊಳ್ಳುವವರಿಗೆ ಇದು ಇಂದಿಗೂ ಬೇಕಾಗುವ ಮಾತು. ಇನ್ನೊಂದು: ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಕೇಬಲನ್ನು ಉಲ್ಟಾ ಹಾಕಿದರೆ ನಡೆಯದು. ಕಂಪ್ಯೂಟರಿನಲ್ಲಿ ಎಚ್‌ಡಿಎಂಐ, ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ ಬೇರೆಯದೇ ಅಡಾಪ್ಟರ್ ಬೇಕು. ಅದರಲ್ಲಿ ಸಾಮಾನ್ಯವಾಗಿ ವಿದ್ಯುತ್ತಿಗಾಗಿ ಒಂದು ಯುಎಸ್‌ಬಿ ಬಾಲವಿರುತ್ತದೆ.

ಇನ್ನು ಕೇಬಲ್ಲಿನ ಕೊಳವೆ ಎಷ್ಟು ಅಗಲ ಎಂಬ ಲೆಕ್ಕ. 1920×1080ರ ಪರದೆಗೆ ಅಂಚಿನ ಬಿಡುವನ್ನೂ ಸೇರಿಸಿ 2200×1125 ಚುಕ್ಕೆಗಳ ಜಾಗ ಹಿಡಿಯುತ್ತದೆ. ಸೆಕೆಂಡಿಗೆ 60 ಸಲ ಎಂದರೆ 14.85 ಕೋಟಿ ಚುಕ್ಕೆ. ಚುಕ್ಕೆಗೆ 24 ಬಿಟ್‌ನಂತೆ ಸುಮಾರು 3.56 ಗಿಗಾಬಿಟ್. 4ಕೆ (3840×2160) ಪರದೆಗೆ ಇದರ ನಾಲ್ಕು ಪಟ್ಟು, 59.4 ಕೋಟಿ ಚುಕ್ಕೆ. ಎಚ್‌ಡಿಎಂಐ 1.4ರ ಮಿತಿ 34 ಕೋಟಿ. ಆದ್ದರಿಂದಲೇ ಹಳೇ ಕಿಂಡಿಗೆ ಹೊಸ 4ಕೆ ಮಾನಿಟರ್ ಸಿಕ್ಕಿಸಿದಾಗ ಚಿತ್ರವೇನೋ ಬರುತ್ತದೆ, ಆದರೆ 30 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 30 ಸಲ ಮಾತ್ರ. ಮೌಸಿನ ಬಾಣ ಕೆಸರಿನಲ್ಲಿ ಕಾಲೆಳೆದಂತೆ ಚಲಿಸುತ್ತದೆ. ಇಂಥಲ್ಲಿ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು, ಎರಡೂ ತುದಿಯಲ್ಲಿ.

ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಚಿತ್ರಕ್ಕೆ ಸಿಗುವುದು 17.28 ಗಿಗಾಬಿಟ್. ಅಂದರೆ ಒಂದೇ ಕೇಬಲ್ಲಿನಲ್ಲಿ ನಾಲ್ಕು 1080 ಪರದೆಗಳ ಸಾಮಾನು ಹಿಡಿಸುತ್ತದೆ. ಬೆನ್ನಿನಲ್ಲಿ ಡಿಸ್‌ಪ್ಲೇಪೋರ್ಟ್ 'ಔಟ್' ಇರುವ ಮಾನಿಟರುಗಳನ್ನು ಒಂದರಿಂದ ಒಂದಕ್ಕೆ ಸರಪಳಿಯಾಗಿ ಕಟ್ಟುವುದು ಈ ಬಲದಿಂದ. ಮಾನಿಟರಿನ ಮೆನುವಿನಲ್ಲಿ ಎಂಎಸ್‌ಟಿ (ಒಂದೇ ಕೇಬಲ್ಲಿನಲ್ಲಿ ಹಲವು ಪರದೆಯ ಚಿತ್ರ ಸಾಗಿಸುವ ವಿಧಾನ) ಆನ್ ಮಾಡಬೇಕು, ಸರಪಳಿಯ ಕೊನೆಯದರಲ್ಲಿ ಮಾತ್ರ ಆಫ್. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಇದು ನಡೆಯುತ್ತದೆ. ಮ್ಯಾಕ್‌ನಲ್ಲಿ ಹೀಗೆ ಕಟ್ಟಿದರೆ ಎಲ್ಲ ಪರದೆಯಲ್ಲೂ ಒಂದೇ ಚಿತ್ರ.

ಒಂದೇ ಚಿತ್ರ ಎಂದಾಗ ಎಚ್‌ಡಿಎಂಐ ಸ್ಪ್ಲಿಟರ್ ನೆನಪಾಗುತ್ತದೆ. ಎರಡು ಮಾನಿಟರಿಗೆಂದು ಇದನ್ನು ಕೊಳ್ಳುವುದು ಹಣ ಕಳೆಯುವ ಅತಿ ಸುಲಭದ ದಾರಿ. ಪ್ರತಿ ಮಾನಿಟರಿನೊಳಗೂ ಪುಟ್ಟ ಮೆಮೊರಿಯೊಂದಿದೆ. ತಾನು ಯಾರು, ಯಾವ ರೆಸಲ್ಯೂಷನ್ ತಡೆದುಕೊಳ್ಳುತ್ತೇನೆ ಎಂಬ ಜಾತಕ ಅದರಲ್ಲಿ. ಇಡಿಐಡಿ ಎಂದು ಹೆಸರು, ಮೂಲ ಭಾಗ 128 ಬೈಟ್. ಎಚ್‌ಡಿಎಂಐ ಕೇಬಲ್ಲಿನ ಮೂಲಕ ಕಂಪ್ಯೂಟರೇ 5 ವೋಲ್ಟ್ ಕೊಟ್ಟು ಅದನ್ನು ಓದುತ್ತದೆ. ಸ್ಪ್ಲಿಟರ್ ಕಂಪ್ಯೂಟರಿಗೆ ಒಂದೇ ಜಾತಕ ತೋರಿಸುತ್ತದೆ, ಕಂಪ್ಯೂಟರ್ ಒಂದೇ ಚಿತ್ರ ಕಟ್ಟುತ್ತದೆ, ಸ್ಪ್ಲಿಟರ್ ಅದನ್ನೇ ನಕಲು ಮಾಡುತ್ತದೆ. ಜಾತಕ ಓದುವ ತಂತಿಗಳೇ ಇಲ್ಲದ ಕಳಪೆ ವಿಜಿಎ ಕೇಬಲ್ ಹಾಕಿದರೆ ಇನ್ನೊಂದು ತೊಂದರೆ: ರೆಸಲ್ಯೂಷನ್ ಪಟ್ಟಿಯಲ್ಲಿ 1920×1080 ಕಾಣುವುದೇ ಇಲ್ಲ. ಡ್ರೈವರ್ ಮತ್ತೆ ಮತ್ತೆ ಹಾಕುವ ಮೊದಲು ಕೇಬಲ್ ಬದಲಿಸಿ ನೋಡಿ.

ಪರದೆಗಳು ಹತ್ತಿದ ಮೇಲೆ ವಿಂಡೋಸ್ ಕೀ ಜೊತೆ 'ಪಿ' ಒತ್ತಿ 'ಎಕ್ಸ್‌ಟೆಂಡ್' ಆರಿಸಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 'ಐಡೆಂಟಿಫೈ' ಒತ್ತಿದರೆ ಪರದೆಗಳ ಮೇಲೆ 1, 2 ಎಂದು ಮೂಡುತ್ತದೆ. ಮೇಜಿನ ಮೇಲೆ ಹೇಗಿವೆಯೋ ಹಾಗೇ ಚೌಕಗಳನ್ನು ಎಳೆದು ಜೋಡಿಸಿ. ಎತ್ತರದ ಅಂಚನ್ನೂ ಹೊಂದಿಸಬೇಕು. ಏಕೆಂದರೆ ಈ ಜೋಡಣೆ ನಡೆಯುವುದು ಚುಕ್ಕೆಗಳ ಲೆಕ್ಕದಲ್ಲಿ, ಇಂಚಿನಲ್ಲಲ್ಲ. 27 ಇಂಚಿನ 4ಕೆಯಲ್ಲಿ ಇಂಚಿಗೆ 163 ಚುಕ್ಕೆ, 24 ಇಂಚಿನ 1080ರಲ್ಲಿ 92. ಇವೆರಡನ್ನು ಪಕ್ಕಪಕ್ಕ ಇಟ್ಟರೆ 2160 ಚುಕ್ಕೆಯ ಅಂಚಿಗೆ 1080 ಚುಕ್ಕೆಯ ಬಾಗಿಲು. ಉಳಿದರ್ಧ ಗೋಡೆ, ಬಾಣ ಹೋಗಿ ಡಿಕ್ಕಿ ಹೊಡೆಯುತ್ತದೆ. 4ಕೆಗೆ 175% ಸ್ಕೇಲ್ ಕೊಟ್ಟರೆ ಅಕ್ಷರದ ಗಾತ್ರ ಸರಿಹೋಗುತ್ತದೆ, ಗೋಡೆ ಹೋಗುವುದಿಲ್ಲ. ವಿಂಡೋಸ್ 11ರಲ್ಲಿ 'ಈಸ್ ಕರ್ಸರ್ ಮೂವ್‌ಮೆಂಟ್ ಬಿಟ್ವೀನ್ ಡಿಸ್‌ಪ್ಲೇಸ್' ಗುರುತು ಹಾಕಿದರೆ ಬಾಣ ಗೋಡೆ ದಾಟುತ್ತದೆ. ಹಣವಿದ್ದರೆ ಒಂದೇ ಮಾದರಿಯ ಎರಡು ಮಾನಿಟರ್ ಕೊಳ್ಳುವುದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಹುಟ್ಟಿಲ್ಲ.

ಮೇಜಿಗೆ ಕಚ್ಚಿಸುವ ತೋಳಿಗೆ (ಮಾನಿಟರ್ ಆರ್ಮ್) ಮಾನಿಟರ್ ಏರಿಸುವವರು ಬೆನ್ನಿನ ನಾಲ್ಕು ತೂತುಗಳ ಅಂತರ ಅಳೆಯಿರಿ: 75 ಅಥವಾ 100 ಮಿಲಿಮೀಟರ್. ಸ್ಕ್ರೂ ಎಂ4. ಉದ್ದ ಹೆಚ್ಚಾದ ಸ್ಕ್ರೂ ಬಿಗಿದರೆ ಒಳಗಿನ ಭಾಗಗಳಿಗೆ ತಾಗೀತು. ಗಾಜಿನ ಮೇಜಿಗೆ ತೋಳು ಕಚ್ಚಿಸುವುದು ಬೇಡವೇ ಬೇಡ. ಹೆಚ್ಚು ನೋಡುವ ಪರದೆ ಎದುರಿಗೇ ಇರಲಿ, ಇನ್ನೊಂದು ಪಕ್ಕಕ್ಕೆ ಓರೆಯಾಗಿ. ಎರಡರ ನಡುವಿನ ಸಂದು ಮೂಗಿನ ನೇರಕ್ಕೆ ಬಂದರೆ ಕತ್ತು ಸದಾ ಒಂದು ಕಡೆಗೇ ತಿರುಗಿರುತ್ತದೆ. ಕರೆಂಟ್ ಹೋಗುವ ಊರಾದರೆ ಎರಡನೆಯದನ್ನು ಯುಪಿಎಸ್‌ಗೆ ಕೊಡದೆ ಗೋಡೆಯ ಪ್ಲಗ್ಗಿಗೇ ಕೊಡಬಹುದು. ಬ್ಯಾಟರಿ ಇನ್ನಷ್ಟು ಹೊತ್ತು ಬರುತ್ತದೆ.

ಎಲ್ಲ ಸರಿಯಿದ್ದೂ, ಏನೂ ಕೆಲಸವಿಲ್ಲದಾಗಲೂ ಕಾರ್ಡಿನ ಫ್ಯಾನ್ ತಿರುಗುತ್ತಿದ್ದರೆ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬ ಲೆಕ್ಕ) ನೋಡಿ. ಕಾರ್ಡ್ ತನ್ನ ಮೆಮೊರಿಯ ವೇಗವನ್ನು ಇಳಿಸುವುದು ಒಂದು ಚಿತ್ರ ಮುಗಿದು ಮುಂದಿನದು ಶುರುವಾಗುವ ಮೊದಲಿನ ಕ್ಷಣದ ಬಿಡುವಿನಲ್ಲಿ, ಪರದೆ ಮಿನುಗದಂತೆ. ಒಂದು ಪರದೆ 144 ಹರ್ಟ್ಸ್, ಇನ್ನೊಂದು 60 ಆದರೆ ಎರಡರ ಬಿಡುವೂ ಒಟ್ಟಿಗೆ ಸಿಗುವುದಿಲ್ಲ. ಸುಮ್ಮನೆ ಪೂರ್ತಿ ವೇಗದಲ್ಲೇ ಇರಿಸುತ್ತದೆ, ಬಿಸಿಯಾಗುತ್ತದೆ. 144ನ್ನು 120ಕ್ಕೆ ಇಳಿಸಿ ನೋಡಿ. ಕೆಲವು ಕಾರ್ಡುಗಳಲ್ಲಿ ಫ್ಯಾನ್ ಅಷ್ಟಕ್ಕೇ ನಿಲ್ಲುತ್ತದೆ.