299 ವರ್ಷದ ಲೀಸು, 10 ಯೂರೋ ಬಾಡಿಗೆ

ವರ್ಷಕ್ಕೆ 10 ಯೂರೋ ಬಾಡಿಗೆ. ನಮ್ಮ ದುಡ್ಡಲ್ಲಿ ಹೆಚ್ಚುಕಡಿಮೆ ಸಾವಿರ ರೂಪಾಯಿ. ಲೀಸು 299 ವರ್ಷಕ್ಕೆ. ಇಷ್ಟು ಅಗ್ಗಕ್ಕೆ ಜಾಗ ಸಿಕ್ಕರೆ ಯಾರಾದರೂ ಬೇಡ ಅಂತಾರಾ? 2022ರಲ್ಲಿ ಐರ್ಲೆಂಡಿನಲ್ಲಿ ತುಂಬಾ ಜನ ಬೇಡ ಅಂದರು. ಡಬ್ಲಿನ್‌ನಲ್ಲಿ ಸರ್ಕಾರದ ಹಣದಿಂದ ಹೊಸ ಹೆರಿಗೆ ಆಸ್ಪತ್ರೆ ಕಟ್ಟಬೇಕಿತ್ತು. ಗೊತ್ತುಮಾಡಿದ ಜಾಗ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯ ಆವರಣ. ಅದನ್ನು ಕಟ್ಟಿ ಬೆಳೆಸಿದ್ದು ಕ್ಯಾಥೊಲಿಕ್ ಸಿಸ್ಟರ್‌ಗಳು. ಗರ್ಭನಿರೋಧಕ, ಗರ್ಭಪಾತ ಎರಡನ್ನೂ ಒಪ್ಪದ ಚರ್ಚಿನ ನಿಯಮ ಹೊಸ ಆಸ್ಪತ್ರೆಗೂ ಬಂದೀತು ಅನ್ನೋದು ಜನರ ಭಯ.

1834ರಲ್ಲಿ ಮೇರಿ ಏಕನ್‌ಹೆಡ್ ಎಂಬ ಸನ್ಯಾಸಿನಿ ಅದನ್ನು ಶುರುಮಾಡಿದರು. ಎರಡು ವರ್ಷದ ಹಿಂದಷ್ಟೇ ಕಾಲರಾ ಬಂದಾಗ ಅವರ ಸಿಸ್ಟರ್‌ಗಳೇ ರೋಗಿಗಳ ಆರೈಕೆಗೆ ನಿಂತಿದ್ದರು. 1861ರಲ್ಲಿ ಇನ್ನೊಂದು ಸಂಘದ ಸಿಸ್ಟರ್‌ಗಳು ಡಬ್ಲಿನ್‌ನಲ್ಲೇ ಮೇಟರ್ ಆಸ್ಪತ್ರೆ ತೆರೆದರು. ಇದನ್ನೆಲ್ಲ ಮರೆತು ಸುಮ್ನೆ ಬೈಯೋದು ನ್ಯಾಯವಲ್ಲ.

ಕಾಲ ಕಳೆದಂತೆ ಖರ್ಚಿನ ಹೊರೆ ಸರ್ಕಾರದ ಮೇಲೆ ಬಿತ್ತು. ಜಮೀನು, ಆಡಳಿತ ಮಂಡಳಿ ಮಾತ್ರ ಹಳೆಯವರ ಕೈಯಲ್ಲೇ ಉಳಿದವು. ಗೋಡೆ ಮೇಲಿನ ಶಿಲುಬೆಗಿಂತ ಈ ಕಾಗದಪತ್ರಗಳದ್ದೇ ಜೋರು. 2005ರಲ್ಲಿ ಮೇಟರ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಔಷಧದ ಪ್ರಯೋಗವೊಂದು ತಡೆಯಾಯಿತು. ಪ್ರಯೋಗಕ್ಕೆ ಸೇರುವ ಹೆಂಗಸರು ಗರ್ಭನಿರೋಧಕ ಬಳಸಬೇಕು ಅಂತ ರೋಗಿಗಳಿಗೆ ಕೊಡುವ ಹಾಳೆಯಲ್ಲಿ ಒಂದು ಸಾಲಿತ್ತು. ಅಷ್ಟೇ. ಗಂಟಲಲ್ಲಿ ಸಿಕ್ಕಿಕೊಂಡದ್ದು ಅದೇ ಸಾಲು.

ನಮಗೆ ಹತ್ತಿರದ ನೋವು ಬಂದದ್ದು 2012ರಲ್ಲಿ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್, 31 ವರ್ಷ, ಐರ್ಲೆಂಡಿನ ಗಾಲ್ವೆ ಊರಿನ ಆಸ್ಪತ್ರೆಯಲ್ಲಿ ಸೋಂಕು ರಕ್ತಕ್ಕೇರಿ ತೀರಿಕೊಂಡರು. ಗರ್ಭ ನಿಲ್ಲುವುದಿಲ್ಲ ಎಂದು ಗೊತ್ತಾಗಿತ್ತು. ತೆಗೆಯಿರಿ ಎಂದು ಕೇಳಿದ್ದರು. ಭ್ರೂಣದ ಎದೆಬಡಿತ ಇದ್ದುದರಿಂದ ತೆಗೆಯಲಿಲ್ಲ. 'ಇದು ಕ್ಯಾಥೊಲಿಕ್ ದೇಶ' ಎಂದು ತಾನು ಹೇಳಿದ್ದು ನಿಜ ಅಂತ ಅಲ್ಲಿನ ಸೂಲಗಿತ್ತಿ ನರ್ಸ್ ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಗಮನಿಸಿ, ಅದು ಚರ್ಚಿನ ಆಸ್ಪತ್ರೆಯಲ್ಲ, ಸರ್ಕಾರಿ ಆಸ್ಪತ್ರೆ. ಭ್ರೂಣಕ್ಕೂ ತಾಯಿಯಷ್ಟೇ ಬದುಕುವ ಹಕ್ಕು ಕೊಟ್ಟ 1983ರ ಸಂವಿಧಾನ ತಿದ್ದುಪಡಿ ಇಡೀ ದೇಶದ ವಾರ್ಡುಗಳಿಗೂ ಒಂದೇ ನಿಯಮ ಹಾಕಿತ್ತು. 2018ರಲ್ಲಿ ಶೇ. 66ಕ್ಕೂ ಜಾಸ್ತಿ ಮತದಾರರು ಆ ತಿದ್ದುಪಡಿ ಬೇಡ ಅಂದರು.

ಅಷ್ಟರಲ್ಲೇ, 2017ರಲ್ಲಿ, ಸೇಂಟ್ ವಿನ್ಸೆಂಟ್ಸ್‌ನಿಂದ ಹೊರಗೆ ಹೋಗುವುದಾಗಿ ಸಿಸ್ಟರ್‌ಗಳು ಹೇಳಿದ್ದರು. ಅದೂ ಸಲೀಸಲ್ಲ. ಧರ್ಮಸಂಘದ ಆಸ್ತಿ ಬಿಟ್ಟುಕೊಡಲು ವ್ಯಾಟಿಕನ್ನಿನ ಒಪ್ಪಿಗೆ ಬೇಕಿತ್ತು. 2022ರಲ್ಲಿ ಆಸ್ಪತ್ರೆಯಲ್ಲಿ ಸಿಸ್ಟರ್‌ಗಳಿಗಿದ್ದ ಷೇರುಗಳು ಹೊಸ ಕಂಪನಿಗೆ ಹೋದವು. ಹೊಸ ಆಸ್ಪತ್ರೆಯಲ್ಲಿ ಗರ್ಭಪಾತವೂ ಸೇರಿ ಕಾನೂನು ಒಪ್ಪುವ ಎಲ್ಲ ಸೇವೆ ಸಿಗುತ್ತದೆ ಅಂತ ಸರ್ಕಾರ ಮಾತು ಕೊಟ್ಟಿತು. ಆದರೂ ಒಪ್ಪಂದದಲ್ಲಿ 'ವೈದ್ಯಕೀಯವಾಗಿ ಸೂಕ್ತವಾದ' ಸೇವೆ ಎಂಬ ಮಾತೊಂದಿತ್ತು. ಸೂಕ್ತ ಅನ್ನೋದನ್ನ ಯಾರು ತೀರ್ಮಾನಿಸ್ತಾರೆ, ಡಾಕ್ಟರಾ ಮಂಡಳಿಯಾ? ಆ ವರ್ಷದ ಮೇ ತಿಂಗಳಲ್ಲಿ ಡಬ್ಲಿನ್ನಿನ ಜಗಳವೆಲ್ಲ ಆ ಒಂದು ಪದದ ಸುತ್ತಲೇ ನಡೆಯಿತು.