ನಲವತ್ತು ಹೆಸರುಗಳಾದ ಮೇಲೆ

ಓದುಗರ ಪ್ರಶ್ನೆ: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಈಗ ಡೆನ್ವರ್ ತಂಡದ ತಾರೆಯಾದ ಸರ್ಬಿಯಾದ ನಿಕೋಲಾ ಯೋಕಿಚ್ ಅವರನ್ನು 41ನೆಯವರಾಗಿ ಆರಿಸಿಕೊಂಡರಂತೆ. 30 ತಂಡಗಳೂ ವರ್ಷವಿಡೀ ದುಡ್ಡು ಸುರಿದು, ದೇಶ ದೇಶ ಸುತ್ತಿ ಪ್ರತಿಭೆ ಹುಡುಕುತ್ತವೆ. ಹಾಗಿದ್ದೂ ಅಂಥ ಆಟಗಾರ ಎಲ್ಲರ ಕಣ್ಣು ತಪ್ಪಿಸಿದ್ದು ಹೇಗೆ? ಡೆನ್ವರ್ ತಂಡಕ್ಕೆ ಮಾತ್ರ ಅದು ಹೇಗೆ ತಿಳಿಯಿತು?

ಡೆನ್ವರ್ ತಂಡಕ್ಕೂ ತಿಳಿದಿರಲಿಲ್ಲ. ಉತ್ತರ ಇಲ್ಲಿಂದಲೇ ಶುರುವಾಗಬೇಕು. ಡೆನ್ವರ್ ನಗೆಟ್ಸ್‌ನವರು ರತ್ನವೊಂದನ್ನು ಗುಟ್ಟಾಗಿ ಗುರುತಿಟ್ಟುಕೊಂಡು, ಸದ್ದಿಲ್ಲದೆ ಕಾದು, 41ನೇ ಸರದಿಯಲ್ಲಿ ಎತ್ತಿಕೊಂಡರು ಎಂಬ ಕಥೆ ಕೇಳಲು ಚೆನ್ನಾಗಿದೆ. ಆದರೆ ಆ ದಿನದ ಆಯ್ಕೆಗಳ ಪಟ್ಟಿ ಬೇರೆಯದನ್ನೇ ಹೇಳುತ್ತದೆ. 2014ರ ಜೂನ್ 26ರಂದು, ಬ್ರೂಕ್ಲಿನ್‌ನಲ್ಲಿ ಡ್ರಾಫ್ಟ್ ನಡೆದಾಗ, ಡೆನ್ವರ್ ತನ್ನ 11ನೇ ಆಯ್ಕೆಯನ್ನು ಶಿಕಾಗೊ ತಂಡಕ್ಕೆ ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ 16 ಮತ್ತು 19ನೇ ಆಯ್ಕೆಗಳನ್ನು ಪಡೆಯಿತು. 16ರಲ್ಲಿ ಬಂದವರು ಬೋಸ್ನಿಯಾದ ಯೂಸುಫ್ ನುರ್ಕಿಚ್. ಅವರೂ ಯೋಕಿಚ್ ಅವರಂತೆ ಸೆಂಟರ್, ಅಂದರೆ ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ, ಆಡುತ್ತಿದ್ದದ್ದೂ ಬಾಲ್ಕನ್ ದೇಶಗಳ ಅದೇ ಏಡ್ರಿಯಾಟಿಕ್ ಲೀಗ್‌ನಲ್ಲಿ. 19ರಲ್ಲಿ ಬಂದವರು ಗ್ಯಾರಿ ಹ್ಯಾರಿಸ್. ಯೋಕಿಚ್ ಹೆಸರು ಬಂದದ್ದು ಇವರಿಬ್ಬರ ನಂತರ. ಮುಂದೊಂದು ದಿನ ಇವರೇ ಲೀಗ್‌ನ ಅತ್ಯಮೂಲ್ಯ ಆಟಗಾರ ಆಗುತ್ತಾರೆಂದು ಒಬ್ಬರಿಗೆ ಗೊತ್ತಿದ್ದರೂ ಸಾಕಿತ್ತು, ಡೆನ್ವರ್ 41ರ ತನಕ ಕಾಯುತ್ತಿರಲಿಲ್ಲ. ಆ ಹೆಸರು ಓದುವ ಹೊತ್ತಿಗೆ ಅಮೆರಿಕದ ಟಿವಿಯಲ್ಲಿ ಟ್ಯಾಕೊ ಬೆಲ್ ಜಾಹೀರಾತು ಓಡುತ್ತಿತ್ತು. ಪರದೆಯ ಕೆಳಗಿನ ಪಟ್ಟಿಯಲ್ಲಷ್ಟೇ ಹೆಸರು ಹಾದುಹೋಯಿತು. ಸರ್ಬಿಯಾದಲ್ಲಿ ಆಗ ನಡುರಾತ್ರಿ ದಾಟಿತ್ತು, 19 ವರ್ಷದ ಹುಡುಗ ಮಲಗಿ ನಿದ್ದೆ ಮಾಡುತ್ತಿದ್ದ.

ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕಥೆಯೂ ಹೀಗೆಯೇ. 2012ರಲ್ಲಿ ಅವರು ಮೊದಲು ಆರಿಸಿದ್ದು 7ರಲ್ಲಿ ಹ್ಯಾರಿಸನ್ ಬಾರ್ನ್ಸ್ ಅವರನ್ನು, ಆಮೇಲೆ 30ರಲ್ಲಿ ಫೆಸ್ಟಸ್ ಎಜೆಲಿ ಅವರನ್ನು. ಡ್ರೇಮಂಡ್ ಗ್ರೀನ್ ಬಂದದ್ದು 35ರಲ್ಲಿ. ನಾಲ್ಕು ಬಾರಿ ಚಾಂಪಿಯನ್ ಆದ, 2017ರಲ್ಲಿ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡ ಗ್ರೀನ್ ಅವರನ್ನು ಅವರದೇ ತಂಡ ಎರಡು ಸಲ ದಾಟಿಹೋಗಿತ್ತು.

ಐಪಿಎಲ್ ಹರಾಜಿಗೆ ಒಗ್ಗಿದ ನಮಗೆ ಡ್ರಾಫ್ಟ್‌ನ ಲೆಕ್ಕಾಚಾರ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಇಲ್ಲಿ ಬೆಲೆ ಕೂಗುವುದಿಲ್ಲ. ತಂಡಗಳು ಸರದಿಯ ಪ್ರಕಾರ ಒಂದೊಂದು ಹೆಸರು ಹೇಳುತ್ತಾ ಹೋಗುತ್ತವೆ. ಎರಡು ಸುತ್ತು, ಸಾಮಾನ್ಯವಾಗಿ ಒಟ್ಟು 60 ಹೆಸರು. ಹಿಂದಿನ ಋತುವಿನಲ್ಲಿ ಸೋತು ಕೆಳಗುಳಿದ ತಂಡಗಳಿಗೆ ಮೊದಲ ಸರದಿಗಳು ಸಿಗುತ್ತವೆ. ಮೊದಲ 14 ಆಯ್ಕೆಗಳ ಕ್ರಮಕ್ಕೆ ಲಾಟರಿಯೂ ಇದೆ. ಹೀಗಾಗಿ ಮೇಲಿನ ಆಯ್ಕೆ ಕೈಯಲ್ಲಿರುವ, ತಂಡ ಕಟ್ಟುವ ಹೊಣೆ ಹೊತ್ತ ಜನರಲ್ ಮ್ಯಾನೇಜರ್‌ನ ಕೆಲಸವೇ ಅದರ ಮೇಲೆ ನಿಂತಿರುತ್ತದೆ. ಅವನು ಯಾರನ್ನು ಆರಿಸಿದರೂ ನಾಳೆ ಅಭಿಮಾನಿಗಳಿಗೆ, ಮಾಲೀಕನಿಗೆ ವಿವರಿಸಬೇಕು. ಎತ್ತರ, ಜಿಗಿತ, ವೇಗ, ಹೆಸರಾಂತ ಕಾಲೇಜು ಇವುಗಳನ್ನು ತೋರಿಸಿ ಸಮರ್ಥಿಸಿಕೊಳ್ಳುವುದು ಸುಲಭ. ಸೊಂಬೋರ್ ಎಂಬ ಸರ್ಬಿಯಾದ ಊರಿನಿಂದ ಬಂದ ದುಂಡಗಿನ ಹುಡುಗನೊಬ್ಬ ಚೆನ್ನಾಗಿ ಪಾಸ್ ಕೊಡುತ್ತಾನೆ ಎಂದು 8ನೇ ಆಯ್ಕೆಯಲ್ಲಿ ಹೇಳಲು ಯಾರಿಗೂ ಧೈರ್ಯ ಸಾಲದು.

ಕಣ್ಣು ತಪ್ಪುವುದಕ್ಕೆ ಬೇರೆಲ್ಲಕ್ಕಿಂತ ದೊಡ್ಡ ಕಾರಣ ದೇಹದ ಮೇಲಿನ ಮೋಹ ಎಂದೇ ನಾನು ನಂಬಿದ್ದೇನೆ. ಪ್ರತಿವರ್ಷ ಮೇ ತಿಂಗಳಲ್ಲಿ ಶಿಕಾಗೊದಲ್ಲಿ ಆಟಗಾರರ ಪರೀಕ್ಷೆ ನಡೆಯುತ್ತದೆ. ಬೂಟು ಕಳಚಿ ಎತ್ತರ ಅಳೆಯುತ್ತಾರೆ, ಎರಡೂ ಕೈ ಚಾಚಿಸಿ ಉದ್ದ ಅಳೆಯುತ್ತಾರೆ, ನಿಂತಲ್ಲಿಂದ ಎಷ್ಟು ಜಿಗಿಯುತ್ತಾರೆ, ಅಂಗಣದ ಮುಕ್ಕಾಲು ಭಾಗವನ್ನು ಎಷ್ಟು ಸೆಕೆಂಡಿನಲ್ಲಿ ಓಡುತ್ತಾರೆ ಎಂದು ಬರೆದಿಡುತ್ತಾರೆ. ಇದೆಲ್ಲ ಬೇಕಾದದ್ದೇ. ಆದರೆ ಅಂಕಿಯಾಗಿ ಬರೆದಿಡಲು ಸಿಕ್ಕಿದ್ದಕ್ಕೆ ತೂಕ ಹೆಚ್ಚು, ಸಿಗದಿದ್ದಕ್ಕೆ ಕಡಿಮೆ ಎಂಬ ಅಭ್ಯಾಸ ತಾನಾಗಿಯೇ ಬೆಳೆಯುತ್ತದೆ. ಎದುರಾಳಿ ಮುಂದಿನ ಕ್ಷಣ ಎಲ್ಲಿರುತ್ತಾನೆಂದು ಊಹಿಸುವ ಬುದ್ಧಿಯನ್ನು ಯಾವ ಟೇಪಿನಿಂದ ಅಳೆಯುವುದು?

2007ರ ಒಂದು ಪ್ರಸಂಗ ಇದನ್ನು ಬಿಚ್ಚಿ ತೋರಿಸುತ್ತದೆ. ಹ್ಯೂಸ್ಟನ್ ರಾಕೆಟ್ಸ್ ತಂಡದ ಡ್ಯಾರಿಲ್ ಮೋರಿ ಅಂಕಿಅಂಶಗಳ ಮಾದರಿ ಕಟ್ಟಿ ಆಟಗಾರರನ್ನು ತೂಗುತ್ತಿದ್ದರು. ಆ ಮಾದರಿಗೆ ಸ್ಪೇನ್‌ನ ಮಾರ್ಕ್ ಗಸೋಲ್ ಮೆಚ್ಚುಗೆಯಾಗಿದ್ದರು. ಆದರೆ ಅಂಗಿ ತೊಡದ ಗಸೋಲ್ ಅವರ ಒಂದು ಫೋಟೊ ತಂಡದ ಪ್ರತಿಭಾ ಶೋಧಕರ ಕೈಗೆ ಸಿಕ್ಕಿತು. ಜೋತುಬಿದ್ದ ಎದೆಯನ್ನು ಆಡಿಕೊಂಡು ಅವರಿಗೆ ಒಂದು ಅಡ್ಡಹೆಸರಿಟ್ಟರು. ಆ ನಗೆಯೇ ಮಾದರಿಯ ಮಾತನ್ನು ಮುಚ್ಚಿಹಾಕಿತು. ಗಸೋಲ್ 48ನೇ ಆಯ್ಕೆಯಾಗಿ ಲಾಸ್ ಏಂಜಲೀಸ್ ಲೇಕರ್ಸ್ ಪಾಲಾದರು, 2013ರಲ್ಲಿ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರರಾದರು, 2019ರಲ್ಲಿ ಟೊರಾಂಟೊ ತಂಡದೊಂದಿಗೆ ಚಾಂಪಿಯನ್ ಆದರು. ಆ ಪ್ರಸಂಗದಿಂದ ಕಲಿತ ಮೋರಿ ಆಟಗಾರರಿಗೆ ಅಡ್ಡಹೆಸರು ಇಡುವುದನ್ನೇ ತಮ್ಮ ಕಚೇರಿಯಲ್ಲಿ ನಿಷೇಧಿಸಿದರು. ಒಂದು ಅಡ್ಡಹೆಸರು ಇಷ್ಟು ದುಬಾರಿಯಾಗಬಲ್ಲದು ಎಂದು ಒಪ್ಪಿಕೊಂಡು ನಿಯಮ ಮಾಡಿದ ಅವರ ಬಗ್ಗೆ ನನಗೆ ಗೌರವವಿದೆ.

ವಯಸ್ಸೂ ಇನ್ನೊಂದು ಪೊರೆ. 19 ವರ್ಷದವನು ತಪ್ಪು ಮಾಡಿದರೆ ಕಲಿಯುತ್ತಾನೆ ಎನ್ನುತ್ತಾರೆ, 22 ವರ್ಷದವನು ಸರಿಯಾಗಿ ಆಡಿದರೂ ಇಷ್ಟೇ ಇವನ ಮಿತಿ ಎನ್ನುತ್ತಾರೆ. ಗ್ರೀನ್ ಮಿಷಿಗನ್ ಸ್ಟೇಟ್‌ನಲ್ಲಿ ಪೂರಾ ನಾಲ್ಕು ವರ್ಷ ಆಡಿ ಬಂದವರು. ದೊಡ್ಡ ಆಟಗಾರರನ್ನು ತಡೆಯಲು ಎತ್ತರ ಸಾಲದು, ಚಿಕ್ಕವರ ಹಿಂದೆ ಓಡಲು ಕಾಲು ಸಾಲದು ಎಂಬ ಮಾತು ಅವರ ಬೆನ್ನಿಗೆ ಅಂಟಿತ್ತು. ಜೇಲೆನ್ ಬ್ರನ್ಸನ್ ವಿಲನೋವಾ ಕಾಲೇಜಿಗೆ 2016 ಮತ್ತು 2018ರಲ್ಲಿ ರಾಷ್ಟ್ರೀಯ ಕಿರೀಟ ಗೆಲ್ಲಿಸಿಕೊಟ್ಟ ತಂಡಗಳಲ್ಲಿದ್ದವರು. ಆದರೂ 2018ರಲ್ಲಿ 33ನೇ ಆಯ್ಕೆ.

ಹಾಗಾದರೆ ಯೋಕಿಚ್ ಅವರಲ್ಲಿ ಡೆನ್ವರ್ ಕಂಡದ್ದೇನು? ಈ ದಾರಿ ಅಮೆರಿಕದಿಂದ ಬಹಳ ದೂರದಲ್ಲಿ ಶುರುವಾಗುತ್ತದೆ. ಬೆಲ್‌ಗ್ರೇಡ್‌ನ ಏಜೆಂಟ್ ಮಿಶ್ಕೊ ರಾಜ್ನಾತೊವಿಚ್ ಒಂದು ದಿನ ಪತ್ರಿಕೆಯಲ್ಲಿ ಕಿರಿಯರ ಪಂದ್ಯಗಳ ಫಲಿತಾಂಶ ಓದುತ್ತಿದ್ದರು. ಹೆಸರೇ ಕೇಳಿರದ ಹುಡುಗನೊಬ್ಬ ಒಂದೇ ಪಂದ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಕ, ಇಪ್ಪತ್ತಕ್ಕೂ ಹೆಚ್ಚು ರಿಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು ಹಿಡಿಯುವುದು) ಗಳಿಸಿದ್ದ. ಅಂಥ ಅಂಕಿ ಮತ್ತೆ ಕಣ್ಣಿಗೆ ಬಿದ್ದಾಗ ಅವನನ್ನು ಹುಡುಕಿಸಿ ಬೆಲ್‌ಗ್ರೇಡ್‌ಗೆ ಕರೆಸಿ ಮೆಗಾ ತಂಡಕ್ಕೆ ಸೇರಿಸಿದರು. ಅಲ್ಲಿನ ಕೋಚ್ ದೇಯಾನ್ ಮಿಲೊಯೆವಿಚ್ ತಾವೇ ಏಡ್ರಿಯಾಟಿಕ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನು ಮೂರು ಬಾರಿ ಗೆದ್ದವರು. ಆ ಹೊತ್ತಿಗೆ ಡೆನ್ವರ್‌ಗೆ ಯುರೋಪಿನಲ್ಲಿ ಕಣ್ಣಾಗಿದ್ದವರು ಪೋಲೆಂಡಿನ ಯುವ ಶೋಧಕ ರಫಾಲ್ ಯುಚ್. ಕಚೇರಿಯಲ್ಲಿ ಜನರಲ್ ಮ್ಯಾನೇಜರ್ ಟಿಮ್ ಕಾನೆಲಿ ಅವರ ಜೊತೆಗಿದ್ದವರು ಲಿಥುವೇನಿಯಾದ ಆರ್ತುರಸ್ ಕಾರ್ನಿಶೋವಸ್, ಯುರೋಪಿನ ಅಂಗಣಗಳಲ್ಲಿ ವೃತ್ತಿಪರರಾಗಿ ಆಡಿದವರು. ಬಾಲ್ಕನ್‌ನ ಚಿಕ್ಕ ಸಭಾಂಗಣಗಳಲ್ಲಿ ನಡೆಯುವ ಆಟದ ಮಟ್ಟ ಏನೆಂದು ಇಂಥವರಿಗೆ ಅಮೆರಿಕದಲ್ಲಿ ಕುಳಿತವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹುಡುಗ ಜಿಗಿಯುತ್ತಿರಲಿಲ್ಲ. ದಿನಕ್ಕೆ ಮೂರು ಲೀಟರ್ ತನಕ ಕೋಕಾಕೋಲಾ ಕುಡಿಯುತ್ತಿದ್ದೆ, ಡೆನ್ವರ್‌ಗೆ ಹೊರಟ ವಿಮಾನದಲ್ಲಿ ಕೊನೆಯದನ್ನು ಕುಡಿದು ಬಿಟ್ಟೆ ಎಂದು ಅವರೇ ಮುಂದೆ ಹೇಳಿದ್ದಾರೆ. ಆದರೆ ಚೆಂಡು ಕೈಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂದು ಆ ಕೈಗೆ ತಿಳಿದಿರುತ್ತಿತ್ತು. ಎರಡನೇ ಸುತ್ತಿನಲ್ಲಿ ಹುಡುಕಬೇಕಾದದ್ದು ಇದನ್ನೇ: ನಾಲ್ಕು ಕೊರತೆಗಳ ನಡುವೆ, ಈಗಾಗಲೇ ಉನ್ನತ ಮಟ್ಟದಲ್ಲಿರುವ ಒಂದು ಕೌಶಲ. ಕೊರತೆಯಿಲ್ಲದವರು ಯಾರೂ ಅಲ್ಲಿಯ ತನಕ ಉಳಿದಿರುವುದಿಲ್ಲ. ಎಲ್ಲದರಲ್ಲೂ ಸುಮಾರಾಗಿರುವವನಿಗೆ ಎನ್‌ಬಿಎಯಲ್ಲಿ ಜಾಗವಿಲ್ಲ. ನುರಿತ ಶೋಧಕರು ಇದಕ್ಕೆ ಸಣ್ಣ ಸಣ್ಣ ಸುಳಿವುಗಳನ್ನು ಹುಡುಕುತ್ತಾರೆ. ಕಾಲೇಜಿನ ಒಂದು ಋತುವಿನ ಮೂರು ಅಂಕ ತರುವ ದೂರದ ಎಸೆತಗಳಿಗಿಂತ ಫ್ರೀ ಥ್ರೋ (ಯಾರೂ ತಡೆಯದ ದಂಡದ ಎಸೆತ) ಲೆಕ್ಕವನ್ನು ಹೆಚ್ಚು ನಂಬುವುದು, ಚೆಂಡು ಕಳೆದುಕೊಂಡದ್ದಕ್ಕೆ ಹೋಲಿಸಿ ಒಳ್ಳೆಯ ಪಾಸ್ ಎಷ್ಟು ಎಂದು ನೋಡುವುದು, ಚೆಂಡು ಕೈಯಲ್ಲಿಲ್ಲದಾಗ ಆಟಗಾರ ಎಲ್ಲಿ ನಿಂತಿರುತ್ತಾನೆ ಎಂದು ಗಮನಿಸುವುದು.

ಇಷ್ಟಾದರೂ ಇದು ಪ್ರಯತ್ನಿಸಿ ನೋಡಲು ಸಾಕಾಗುವಷ್ಟು ಕಾರಣ ಮಾತ್ರ, ಖಾತರಿ ಅಲ್ಲವೇ ಅಲ್ಲ. ಪ್ರಯತ್ನ ಅಗ್ಗವಾಗಿತ್ತು ಎಂಬುದೇ ಮುಖ್ಯ. ಮೊದಲ ಸುತ್ತಿನವರಿಗೆ ನಿಗದಿಯಾದ ಸಂಬಳ, ಮೊದಲೆರಡು ವರ್ಷಕ್ಕೆ ಖಾತರಿ. ಎರಡನೇ ಸುತ್ತಿನವರಿಗೆ ಅಂಥ ಖಾತರಿಯಿಲ್ಲ, ತಂಡ ಸಹಿ ಹಾಕದೆಯೂ ಇರಬಹುದು. ವಿದೇಶಿ ಆಟಗಾರನಾದರೆ ಅವನ ಮೇಲಿನ ಹಕ್ಕು ಉಳಿಸಿಕೊಂಡು ಅವನ ದೇಶದಲ್ಲೇ ಆಡಲು ಬಿಡಬಹುದು. ಯೋಕಿಚ್ ಇನ್ನೊಂದು ವರ್ಷ ಮೆಗಾದಲ್ಲೇ ಆಡಿದರು, ಏಡ್ರಿಯಾಟಿಕ್ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು, 2015ರಲ್ಲಿ ಡೆನ್ವರ್‌ಗೆ ಬಂದರು.

ಈ ಕಾಯುವಿಕೆಯ ಪಾಠವನ್ನು ಲೀಗ್‌ಗೆ ಹೇಳಿಕೊಟ್ಟದ್ದು ಸ್ಯಾನ್ ಆಂಟೋನಿಯೊ ಸ್ಪರ್ಸ್. ಅರ್ಜೆಂಟೀನಾದ ಮನು ಜಿನೊಬಿಲಿ ಅವರನ್ನು 1999ರಲ್ಲಿ 57ನೆಯವರಾಗಿ ಆರಿಸಿದರು. ಆ ವರ್ಷ ಇದ್ದದ್ದೇ 58 ಆಯ್ಕೆ. ಆಮೇಲೆ ಮೂರು ವರ್ಷ ಅವರನ್ನು ಇಟಲಿಯಲ್ಲಿ ಬಿಟ್ಟರು. ಅಲ್ಲಿ ಅವರು ಬೊಲೊನ್ಯಾ ತಂಡದೊಂದಿಗೆ 2001ರಲ್ಲಿ ಯೂರೋಲೀಗ್ ಗೆದ್ದರು. 2002ರಲ್ಲಿ ಟೆಕ್ಸಸ್‌ಗೆ ಬಂದಾಗ ಪಳಗಿದ ಆಟಗಾರ. ನಾಲ್ಕು ಚಾಂಪಿಯನ್‌ಶಿಪ್, 2004ರ ಒಲಿಂಪಿಕ್ಸ್ ಚಿನ್ನ, 2022ರಲ್ಲಿ ಹಾಲ್ ಆಫ್ ಫೇಮ್. ಬೆಳೆಸಿದ ಖರ್ಚು ಮಾತ್ರ ಇಟಲಿಯ ಕ್ಲಬ್‌ಗಳದ್ದು.

ಪ್ರಶ್ನೆಯ ಎರಡನೇ ಭಾಗಕ್ಕೆ ನನ್ನ ಉತ್ತರ ಇಲ್ಲಿದೆ. ಡೆನ್ವರ್‌ನ ಹೆಚ್ಚುಗಾರಿಕೆ 2014ರ ಆಯ್ಕೆಗಿಂತ 2016ರ ನಿರ್ಧಾರದಲ್ಲಿದೆ. ಆ ಋತುವಿನ ಆರಂಭದಲ್ಲಿ ನುರ್ಕಿಚ್ ಮತ್ತು ಯೋಕಿಚ್ ಇಬ್ಬರನ್ನೂ ಒಟ್ಟಿಗೆ ಆಡಿಸಿ ನೋಡಿದರು, ಕೂಡಿಬರಲಿಲ್ಲ. ಡಿಸೆಂಬರ್‌ನಲ್ಲಿ ಕೋಚ್ ಮೈಕೆಲ್ ಮಲೋನ್ ಸೆಂಟರ್ ಸ್ಥಾನವನ್ನು ಯೋಕಿಚ್ ಅವರಿಗೆ ವಹಿಸಿ ಆಟವನ್ನೇ ಅವರ ಸುತ್ತ ಹೆಣೆದರು. ಎರಡು ತಿಂಗಳಲ್ಲಿ ನುರ್ಕಿಚ್ ಪೋರ್ಟ್‌ಲ್ಯಾಂಡ್‌ಗೆ ಹೋದರು. 16ನೆಯವರನ್ನು ಕಳಿಸಿ 41ನೆಯವರನ್ನು ಉಳಿಸಿಕೊಳ್ಳುವುದೆಂದರೆ ನಮ್ಮದೇ ಪಟ್ಟಿ ತಪ್ಪಾಗಿತ್ತು ಎಂದು ಎಲ್ಲರೆದುರು ಒಪ್ಪಿಕೊಂಡಂತೆ. ಎಷ್ಟೋ ತಂಡಗಳು ಈ ಮಾತನ್ನು ಬಾಯಿಬಿಟ್ಟು ಹೇಳಲಾರದೆ ಮೇಲಿನ ಆಯ್ಕೆಗೇ ವರ್ಷಗಟ್ಟಲೆ ಅವಕಾಶ ಕೊಡುತ್ತಾ ಕೂರುತ್ತವೆ. ಆಮೇಲಿನದು ಎಲ್ಲರಿಗೂ ಗೊತ್ತಿದೆ: 2021, 2022, 2024ರಲ್ಲಿ ಅತ್ಯಮೂಲ್ಯ ಆಟಗಾರ, 2023ರಲ್ಲಿ ಡೆನ್ವರ್‌ಗೆ ಮೊದಲ ಎನ್‌ಬಿಎ ಕಿರೀಟ. ಇಷ್ಟು ಕೆಳಗಿನಿಂದ ಬಂದು ಆ ಪ್ರಶಸ್ತಿ ಗೆದ್ದವರು ಇನ್ನೊಬ್ಬರಿಲ್ಲ. ಗ್ರೀನ್ ಅವರ ಭಾಗ್ಯವೂ ಇಂಥದೇ ತಿರುವಿನಲ್ಲಿ ತೆರೆಯಿತು. 2014ರಲ್ಲಿ ಡೇವಿಡ್ ಲೀ ಗಾಯಗೊಂಡಾಗ ಸಿಕ್ಕ ಜಾಗವನ್ನು, ಲೀ ಮರಳಿದ ಮೇಲೂ ಕೋಚ್ ಸ್ಟೀವ್ ಕರ್, ಗ್ರೀನ್ ಅವರಿಂದ ಕಿತ್ತುಕೊಳ್ಳಲಿಲ್ಲ.

ಸಿಕ್ಕಿದ್ದನ್ನು ಕೈಬಿಟ್ಟವರ ಪಟ್ಟಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2011ರಲ್ಲಿ ಕಟ್ಟಕಡೆಯ, 60ನೇ ಹೆಸರಾಗಿ ಐಸಾಯ ಥಾಮಸ್ ಅವರನ್ನು ಆರಿಸಿದ್ದು ಸ್ಯಾಕ್ರಮೆಂಟೊ. 5 ಅಡಿ 9 ಇಂಚಿನ ಆ ಆಟಗಾರ 2016–17ರಲ್ಲಿ ಪಂದ್ಯಕ್ಕೆ ಸರಾಸರಿ 28.9 ಅಂಕ ಗಳಿಸಿದ್ದು ಬೋಸ್ಟನ್ ಅಂಗಿ ತೊಟ್ಟು. ಕ್ರಿಸ್ ಮಿಡಲ್‌ಟನ್ ಅವರನ್ನು 39ರಲ್ಲಿ ಕಂಡುಕೊಂಡ ಡೆಟ್ರಾಯಿಟ್ ಒಂದೇ ವರ್ಷದಲ್ಲಿ ಮಿಲ್ವಾಕಿಗೆ ಬಿಟ್ಟುಕೊಟ್ಟಿತು. 2021ರಲ್ಲಿ ಅವರು ಅಲ್ಲಿ ಚಾಂಪಿಯನ್. ಬ್ರನ್ಸನ್ ಅವರನ್ನು ಡಲ್ಲಾಸ್ ನಾಲ್ಕು ವರ್ಷ ಬೆಳೆಸಿ 2022ರಲ್ಲಿ ನ್ಯೂಯಾರ್ಕ್‌ಗೆ ಕಳೆದುಕೊಂಡಿತು. ಈ ತಂಡಗಳ ಶೋಧಕರು ಡೆನ್ವರ್‌ನವರಿಗಿಂತ ಕಡಿಮೆಯವರಾಗಿರಲಿಲ್ಲ.

ಭಾರತದ ಓದುಗರಿಗೆ ಇಲ್ಲಿ ನೆನಪಾಗಬೇಕಾದ ಹೆಸರು ಸತ್ನಾಮ್ ಸಿಂಗ್ ಭಮಾರಾ. ಪಂಜಾಬಿನ ಬಲ್ಲೋಕೆ ಹಳ್ಳಿಯಿಂದ ಲುಧಿಯಾನ ಅಕಾಡೆಮಿಗೆ, ಅಲ್ಲಿಂದ 2010ರಲ್ಲಿ ಇನ್ನೂ ಬಾಲಕನಾಗಿದ್ದಾಗಲೇ ಫ್ಲಾರಿಡಾಕ್ಕೆ ಹೋದವರು. 2015ರಲ್ಲಿ ಡಲ್ಲಾಸ್ ಅವರನ್ನು 52ನೆಯವರಾಗಿ ಆರಿಸಿದಾಗ, ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಭಾರತದಲ್ಲಿ ಹುಟ್ಟಿದ ಮೊದಲ ಆಟಗಾರರಾದರು. 7 ಅಡಿ 2 ಇಂಚು ಎತ್ತರ. ಎನ್‌ಬಿಎ ಪಂದ್ಯ ಒಂದೂ ಸಿಗಲಿಲ್ಲ. ಕೆಳ ಹಂತದ ಲೀಗ್‌ನಲ್ಲಿ ಟೆಕ್ಸಸ್ ಲೆಜೆಂಡ್ಸ್ ಪರ ಅಲ್ಪಸ್ವಲ್ಪ ಆಡಿದರು. ಅವರ ಶ್ರಮವನ್ನು ಯಾರೂ ಹಗುರವಾಗಿ ಕಾಣಬಾರದು. ಅವರು ಆಯ್ಕೆಯಾದದ್ದು ವಾರಿಯರ್ಸ್ ತಂಡ ಚಿಕ್ಕ, ಚುರುಕಾದ ಐವರನ್ನು ಇಳಿಸಿ ಕಿರೀಟ ಗೆದ್ದ ಅದೇ ತಿಂಗಳಲ್ಲಿ. ಬುಟ್ಟಿಯ ಬಳಿ ನಿಲ್ಲುವ ಭಾರೀ ಸೆಂಟರ್‌ಗಳ ಕಾಲ ಮುಗಿಯುತ್ತಾ ಬಂದಿತ್ತು. ಯೋಕಿಚ್ ಕೂಡ ನಿಧಾನವೇ, ಆದರೆ ಅವರ ಪಾಸ್‌ಗಳಿಗೆ ಹೊಸ ಆಟದಲ್ಲಿ ಬೇಡಿಕೆ ಹೆಚ್ಚಿತು. ಎತ್ತರಕ್ಕಿದ್ದ ಬೆಲೆ ಮಾತ್ರ ಇಳಿಯಿತು. ಹದಿನಾಲ್ಕರ ಬಾಲಕನ ಎತ್ತರ ನೋಡಿ ಹಾಕಿದ ಲೆಕ್ಕವನ್ನು ಆಟವೇ ಬದಲಾಗಿ ತಲೆಕೆಳಗು ಮಾಡಿತು, ಆ ತಪ್ಪು ಬಾಲಕನದ್ದಲ್ಲ.

2024ರಿಂದ ಎರಡನೇ ಸುತ್ತನ್ನು ಮರುದಿನ ನಡೆಸುತ್ತಿದ್ದಾರೆ. ಹೀಗಾಗಿ ತಂಡಗಳಿಗೆ ಉಳಿದ ಹೆಸರುಗಳನ್ನು ಮತ್ತೊಮ್ಮೆ ನೋಡಲು ಒಂದು ರಾತ್ರಿ ಸಿಗುತ್ತದೆ. ಕೆಳ ಹಂತದ ಜಿ ಲೀಗ್‌ನಲ್ಲೂ ಎನ್‌ಬಿಎಯಲ್ಲೂ ಆಡಬಹುದಾದ ದ್ವಿಮುಖ ಒಪ್ಪಂದಗಳು ಈಗ ತಂಡಕ್ಕೆ ಮೂರು. ಮುಂದಿನ ಜೂನ್‌ನಲ್ಲಿ ಆ ಎರಡನೇ ದಿನವನ್ನು ನೀವು ನೋಡುವಿರಾದರೆ, ಹೆಸರು ಕೇಳಿದ ಕೂಡಲೇ ಆಟಗಾರನ ಎತ್ತರ ಹುಡುಕುವ ಬದಲು ಆರಿಸಿದ ತಂಡದಲ್ಲಿ ಅವನ ಸ್ಥಾನದಲ್ಲಿ ಈಗ ಯಾರು ಆಡುತ್ತಿದ್ದಾರೆ, ಅವರ ಒಪ್ಪಂದ ಯಾವಾಗ ಮುಗಿಯುತ್ತದೆ, ಆ ಕೋಚ್ ಹಿಂದೆ ಎರಡನೇ ಸುತ್ತಿನ ಯಾರಿಗಾದರೂ ನಿಜವಾದ ನಿಮಿಷಗಳನ್ನು ಕೊಟ್ಟಿದ್ದಾರೆಯೇ ಎಂದು ನೋಡಿ.