ಮಾಡಿಗೆ ತೂಗಿದ ಸೌತೆಕಾಯಿ

ಉಡುಪಿ ಕಡೆಯ ಹಳೆಮನೆಗೆ ಮಳೆಗಾಲದಲ್ಲಿ ಹೋದರೆ ಒಮ್ಮೆ ತಲೆಯೆತ್ತಿ ನೋಡಿ. ಮಾಡಿನ ಪಕಾಸಿನಿಂದ (ಛಾವಣಿ ಹೊರುವ ಮರದ ಪಟ್ಟಿಯಿಂದ) ಸಾಲಾಗಿ ಸೌತೆಕಾಯಿ ತೂಗುತ್ತಿರುತ್ತವೆ. ಬೇಸಗೆಯಲ್ಲಿ ಗದ್ದೆಯಲ್ಲಿ ಬೆಳೆದ, ಬಲಿತು ಹಳದಿಯಾದ ಕಾಯಿಗಳು. ಒಂದೊಂದಕ್ಕೂ ಬಾಳೆನಾರಿನ ಕುಣಿಕೆ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಪೇಟೆಗೆ ಹೋಗಲಾಗದ ದಿನ ಒಂದನ್ನು ಇಳಿಸಿದರೆ ಸಾಕು, ಮಧ್ಯಾಹ್ನಕ್ಕೆ ಹುಳಿ ತಯಾರು. ಫ್ರಿಜ್ಜಿಲ್ಲದೆ ಅವು ತಿಂಗಳುಗಟ್ಟಲೆ ಬಾಳುತ್ತವೆ.

ಕೊಯ್ದ ಮೇಲೂ ಕಾಯಿಗೆ ಜೀವ ಇರುತ್ತದೆ. ಅದು ಉಸಿರಾಡುತ್ತದೆ, ಒಳಗಿನ ಸಕ್ಕರೆಯನ್ನು ಸ್ವಲ್ಪಸ್ವಲ್ಪವೇ ಖರ್ಚು ಮಾಡುತ್ತದೆ, ನೀರನ್ನೂ ಶಾಖವನ್ನೂ ಹೊರಗೆ ಬಿಡುತ್ತದೆ. ಬಳ್ಳಿಯಿಂದ ಇನ್ನೇನೂ ಬರುವುದಿಲ್ಲ, ಇದ್ದದ್ದರಲ್ಲೇ ದಿನ ದೂಡಬೇಕು. ಬಲಿತ ಸೌತೆಯ ಗಟ್ಟಿ ಸಿಪ್ಪೆ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನೆಲದ ಮೇಲಿಟ್ಟರೆ ತಾಗಿದಲ್ಲಿ ತೇವ ನಿಂತು ಬೂಸ್ಟು ಹಿಡಿಯುತ್ತದೆ. ತೂಗಿದರೆ ಸುತ್ತಲೂ ಗಾಳಿ. ಒಂದು ಕೊಳೆತರೂ ಪಕ್ಕದ್ದಕ್ಕೆ ಅಂಟುವುದಿಲ್ಲ. ಗೀರು ಬಿದ್ದದ್ದನ್ನು ಮಾತ್ರ ತೂಗಬಾರದು, ಅದು ಅಂದಿನ ಅಡುಗೆಗೇ ಹೋಗಬೇಕು.

ಶಾಖ 10 ಡಿಗ್ರಿ ಇಳಿದರೆ ಈ ಉಸಿರಾಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೆಲವೊಮ್ಮೆ ಇನ್ನೂ ಕಡಿಮೆ. ಕ್ಯಾರೆಟ್, ಕ್ಯಾಬೇಜ್, ಕೊತ್ತಂಬರಿ ಸೊಪ್ಪಿಗೆ ಫ್ರಿಜ್ಜು ಒಳ್ಳೆಯದಾಗುವುದು ಇದರಿಂದಲೇ. ಆದರೆ ನಮ್ಮ ಸೆಕೆಯ ಊರಿನ ತರಕಾರಿಗಳಿಗೆ ಜಾಸ್ತಿ ಚಳಿ ಆಗಿಬರುವುದಿಲ್ಲ. ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳ ಗೊತ್ತಲ್ವಾ, 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಆ ಹಸಿರು ಗುಂಡು ಬದನೆ? ಒಮ್ಮೆ ನಾಲ್ಕು ಗುಳ್ಳ ತಂದು ಒಂದು ವಾರ ಫ್ರಿಜ್ಜಿನಲ್ಲಿಟ್ಟಿದ್ದೆ. ಸಿಪ್ಪೆಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿತ್ತು. ಹೆಚ್ಚಿ ನೋಡಿದರೆ ಬೀಜವೆಲ್ಲ ಕಂದು. ಅಷ್ಟು ಒಳ್ಳೆಯ ಕಾಯಿ ಹಾಳಾಯಿತಲ್ಲ ಎಂದು ತುಂಬ ಬೇಜಾರಾಯಿತು. ಬದನೆಗೆ 10 ಡಿಗ್ರಿಗಿಂತ ಕೆಳಗಿನ ಚಳಿ ತಾಗಿದರೆ ಜೀವಕೋಶಗಳ ಪೊರೆ ಹಾಳಾಗುತ್ತದೆ. ಫ್ರಿಜ್ಜಿನೊಳಗೆ ಇರುವುದು ಸುಮಾರು 4 ಡಿಗ್ರಿ. ಬಾಳೆಹಣ್ಣಿನ ಸಿಪ್ಪೆ ಅಲ್ಲಿ ಕಪ್ಪಾಗುವುದೂ ಹೀಗೆಯೇ.

ಬಾಳೆಹಣ್ಣಿನದು ಇನ್ನೊಂದು ವಿಚಾರ ಇದೆ. ಹಣ್ಣಾಗುವಾಗ ಅದು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಕಾಯಿ ಮಾವನ್ನೋ ಚಿಕ್ಕುವನ್ನೋ ಅದರ ಜೊತೆ ಮುಚ್ಚಿಟ್ಟರೆ ಬೇಗ ಹಣ್ಣಾಗುತ್ತವೆ. ಅದೇ ಅನಿಲ ತಾಗಿದ ಸೊಪ್ಪು ಮಾತ್ರ ಹಳದಿಯಾಗುತ್ತದೆ. ಹಾಗಾಗಿ ಗೊನೆ ಒಂದು ಮೂಲೆಗೆ, ಸೊಪ್ಪು ಇನ್ನೊಂದು ಮೂಲೆಗೆ. ಗುಳ್ಳವನ್ನು ಬುಟ್ಟಿಯಲ್ಲಿ ತಂಪು ಜಾಗದಲ್ಲಿಟ್ಟು, ಎರಡು ಮೂರು ದಿನದೊಳಗೆ ತೆಂಗಿನಕಾಯಿ ಹಾಕದ ಬೋಳುಹುಳಿಗೆ ಹಾಕಿಬಿಡಿ.